ಬಂಜಿನಾಳ್

ಮೀನಿನ ಹೊಟ್ಟೆಯ ಮೇಲೆ ಕೈ ಇಟ್ಟು ಮೀನು ಮಾರುವ ಅಕ್ಕ ಹೇಳಿದ್ದು ಒಂದೇ ಮಾತು. "ಬಂಜಿನಾಳ್ ಟೀಚರೇ."

ಇದಾಗಿ ಇವತ್ತಿಗೆ ಐದು ದಿನ. ಬೋರ್ಡಿನಲ್ಲಿ ಬರೆಯುವಾಗ, ಮಗುವಿನ ಬಟ್ಟೆ ಒಣಗಿಸುವಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ಮಾತು ಕೇಳುತ್ತಿದೆ. ತುಳು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಂಜಿನಾಳ್ ಅಂದರೆ ಬಸುರಿ. ಹೆಂಗಸರಿಗೆ ಹೇಳುವ ಮಾತು ಅದು. ಮೀನಿಗೆ ಹಾಗೆ ಹೇಳಿದ್ದನ್ನು ನಾನು ಈವರೆಗೆ ಕೇಳಿರಲಿಲ್ಲ.

ತಂಗಿ ಬಾಣಂತನಕ್ಕೆ ಮನೆಗೆ ಬಂದಿದ್ದಾಳೆ. ಹೆಣ್ಣು ಮಗು. ಮೊದಲ ವಾರ ಹಾಲು ಸಾಲದೆ ಮಗು ರಾತ್ರಿಯೆಲ್ಲ ಅತ್ತಿತು. ತಂಗಿಯ ಅತ್ತೆ ದಿನಕ್ಕೆ ಮೂರು ಸಲ ಫೋನ್ ಮಾಡಿ "ಹಾಲು ಬಂತಾ, ಹಾಲು ಬಂತಾ" ಎಂದು ಕೇಳುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದರು ಅಂದುಕೊಳ್ಳುತ್ತೇನೆ. ಆದರೆ ಪ್ರತಿ ಫೋನ್ ಇಟ್ಟ ಮೇಲೆ ತಂಗಿ ಅಳುವುದನ್ನು ನೋಡಿದ್ದು ನಾನು. ಕೊನೆಗೆ ಅಮ್ಮ ತೀರ್ಮಾನ ಮಾಡಿದರು. "ತಾಟೆ ತಾ. ಎರಡು ದಿನ ತಿಂದರೆ ಸರಿಯಾಗ್ತದೆ."

ಪುಸ್ತಕದಲ್ಲಿ ಶಾರ್ಕ್. ನಮ್ಮ ಬಾಯಲ್ಲಿ ತಾಟೆ. ಕೊಂಕಣಿಯವರಿಗೆ ಮೋರಿ. ಬಾಣಂತಿಗೆ ತಾಟೆ ಕೊಟ್ಟರೆ ಎದೆಹಾಲು ಹೆಚ್ಚುತ್ತದೆ ಎಂಬುದು ಕರಾವಳಿಯ ಹಳೆಯ ನಂಬಿಕೆ. ಅಮ್ಮ ನನ್ನನ್ನು ಹೆತ್ತಾಗ ಅಜ್ಜಿ ಕೊಟ್ಟಿದ್ದರು. ತಂಗಿ ಹುಟ್ಟಿದಾಗಲೂ ಕೊಟ್ಟಿದ್ದರು. ಒಲೆಯ ಮೇಲೆ ಕಾಳುಮೆಣಸು, ಬೆಳ್ಳುಳ್ಳಿ ಹಾಕಿದ ತಾಟೆ ಬೇಯುವ ಪರಿಮಳ ಬಂದರೆ ಆ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಕೇರಿಗೇ ಗೊತ್ತಾಗುತ್ತಿತ್ತು.

ಶಾಲೆಗೆ ಹೋಗುವ ಮೊದಲೇ ತರೋಣ ಎಂದು ಬೆಳಿಗ್ಗೆ ಆರಕ್ಕೆ ಮಲ್ಪೆಗೆ ಹೋದೆ. ಬಂದರಿನಲ್ಲಿ ಏಲಂ ಜೋರಾಗಿತ್ತು. ಐಸ್ ಕರಗಿದ ನೀರು ಚಪ್ಪಲಿಯ ಒಳಗೆ ಬರುತ್ತಿತ್ತು. ಬಂಗುಡೆ, ಮದ್ಮಲ್, ಬೊಂಡಾಸ್, ರಾಶಿ ರಾಶಿ. ತಾಟೆ ಎಲ್ಲೂ ಕಾಣಲಿಲ್ಲ. ಚಿಕ್ಕವಳಿದ್ದಾಗ ಇಲ್ಲಿ ತಾಟೆಗಳನ್ನು ಸಾಲಾಗಿ ಮಲಗಿಸಿದ್ದು ನೋಡಿದ್ದೇನೆ. ನನಗಿಂತ ಉದ್ದದವು, ಬಿಳಿ ಹೊಟ್ಟೆ ಮೇಲೆ ಮಾಡಿ. ಈಗ ಹುಡುಕಬೇಕು.

ನಾವು ಯಾವಾಗಲೂ ಮೀನು ತೆಗೆದುಕೊಳ್ಳುವ ಅಕ್ಕನ ಹತ್ತಿರ ಮೂರು ಇತ್ತು. ಅರವತ್ತು ದಾಟಿದ ಹೆಂಗಸು. ನಾನು ನೋಡಿದ ಹಾಗೆ ತೂಕದಲ್ಲಿ ಒಂದು ದಿನವೂ ಮೋಸ ಮಾಡಿದವರಲ್ಲ. ಹಳಸಿದ ಮೀನನ್ನು "ಇದು ಬೇಡ ಟೀಚರೇ" ಎಂದು ತಾವೇ ಬದಿಗೆ ಸರಿಸುವವರು. ಮೂರರಲ್ಲಿ ಎರಡು ಸಪೂರ ಇದ್ದವು. ಒಂದು ದಪ್ಪ. "ದಪ್ಪ ಇದ್ದದ್ದು ನೋಡಿ ತಾ, ಮಾಂಸ ಜಾಸ್ತಿ ಇರ್ತದೆ" ಎಂದು ಅಮ್ಮ ಹೇಳಿ ಕಳಿಸಿದ್ದರು. ನಾನು ದಪ್ಪ ಇದ್ದದ್ದನ್ನೇ ತೋರಿಸಿದೆ. ಬೆರಳು ಮಾಡಿ ತೋರಿಸಿದ್ದು ನಾನೇ.

ಅಕ್ಕ ಅದನ್ನು ಎತ್ತಿ ಹಲಗೆಯ ಮೇಲೆ ಮಲಗಿಸಿದರು. ಒಂದು ಗಜಕ್ಕೆ ಸ್ವಲ್ಪ ಕಮ್ಮಿ ಉದ್ದ. ಬೂದು ಬೆನ್ನು, ಚೂಪು ಮೂತಿ, ದೊಡ್ಡ ದುಂಡು ಕಣ್ಣು. ಕತ್ತಿ ಇಡುವ ಮೊದಲು ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಒಂದು ಗಳಿಗೆ ಕೈ ಅಲ್ಲೇ ನಿಂತಿತು. ನಮ್ಮ ಸೂಲಗಿತ್ತಿ ಅಜ್ಜಿ ತಂಗಿಯ ಹೊಟ್ಟೆಯ ಮೇಲೆ ಕೈ ಇಟ್ಟು ನೋಡುತ್ತಿದ್ದದ್ದು ಹಾಗೆಯೇ. "ಬಂಜಿನಾಳ್ ಟೀಚರೇ" ಎಂದರು. ನನ್ನ ಮುಖ ನೋಡಿದರು. ನಾನು ಏನಾದರೂ ಹೇಳಬಹುದು ಎಂದು ಕಾದರೋ ಏನೋ. ನನಗೆ ಮಾತು ಹೊರಡಲಿಲ್ಲ. ಹಿಂದೆ ಇನ್ನೊಬ್ಬರು ಕಾಯುತ್ತಿದ್ದರು. ಕತ್ತಿ ಇಳಿಯಿತು.

ಐದು ಮರಿ. ಒಂದೊಂದೂ ಗೇಣುದ್ದ. ಸಣ್ಣ ರೆಕ್ಕೆ, ಸಣ್ಣ ಬಾಲ, ತೆರೆದ ಕಣ್ಣು, ಎಲ್ಲ ಸರಿಯಾಗಿ ಮೂಡಿತ್ತು. ಐದಕ್ಕೂ ಎದೆಯ ಹತ್ತಿರದಿಂದ ಬಿಳಿ ಹುರಿಯಂಥ ಬಳ್ಳಿ ಹೊರಟು ತಾಯಿಯ ಒಳಗೆ ಅಂಟಿಕೊಂಡಿತ್ತು. ಹೊಕ್ಕುಳಬಳ್ಳಿ. ಮೀನಿಗೆ ಹೊಕ್ಕುಳಬಳ್ಳಿ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹಿಂದಿನ ದಿನವಷ್ಟೇ ನಮ್ಮ ಮಗುವಿನ ಹೊಕ್ಕುಳ ಉದುರಿತ್ತು. ಅಮ್ಮ ಅದನ್ನು ಬಟ್ಟೆಯಲ್ಲಿ ಕಟ್ಟಿ ಎತ್ತಿಟ್ಟಿದ್ದರು. ಅಕ್ಕ ಎರಡು ಬೆರಳಿನಿಂದ ಐದನ್ನೂ ಬಿಡಿಸಿ ಬದಿಯ ಪ್ಲಾಸ್ಟಿಕ್ ತಟ್ಟೆಗೆ ಹಾಕಿದರು.

"ಅದನ್ನು ಎಂತ ಮಾಡ್ತೀರಿ ಅಕ್ಕ?"

"ಕೇಳುವವರಿದ್ದಾರೆ. ಮೆತ್ತಗಿರ್ತದಲ್ಲ."

ಪಕ್ಕದಲ್ಲಿದ್ದ ಹುಡುಗನೊಬ್ಬ ಫೋನ್ ತೆಗೆದು ಮರಿಗಳ ವಿಡಿಯೋ ಮಾಡಿದ. "ಬೇಬಿ ಶಾರ್ಕ್, ಬೇಬಿ ಶಾರ್ಕ್" ಎಂದು ನಗುತ್ತಿದ್ದ. ಅಕ್ಕ ತಟ್ಟೆಯ ಮೇಲೆ ಗೋಣಿ ಎಳೆದುಬಿಟ್ಟರು. ಅವರು ಹಾಗೆ ಮಾಡಿದ್ದು ಯಾಕೆ ಎಂದು ನಾನು ಕೇಳಲಿಲ್ಲ. ನನಗೆ ಅವರ ಮೇಲೆ ಗೌರವ ಹೆಚ್ಚಾದದ್ದು ಆ ಕ್ಷಣದಲ್ಲಿ.

ದುಡ್ಡು ಕೊಟ್ಟೆ, ಮೀನು ತಂದೆ. ಬಿಟ್ಟು ಬರಬಹುದಿತ್ತು ಎಂದು ನೀವು ಹೇಳಬಹುದು. ನನ್ನ ಮಾತಿಗೆ ಕತ್ತರಿಸಿದ ಮೀನು ಅದು. ಮನೆಯಲ್ಲಿ ಅಮ್ಮ ಬಿಸಿನೀರು ಕಾಯಿಸಿಟ್ಟು ಕಾಯುತ್ತಿದ್ದರು. ತಾಟೆಯ ತೊಗಲು ಮರಳು ಕಾಗದದ ಹಾಗೆ. ಬಿಸಿನೀರು ಹೊಯ್ದು ಗೆರಟೆಯಲ್ಲಿ ಉಜ್ಜಿದರೆ ಮಾತ್ರ ಆ ಮರಳು ಬಿಡುತ್ತದೆ. ಅಮ್ಮ ಉಜ್ಜುತ್ತ ಕೂತರು. ನಾನು ಏನೂ ಹೇಳದೆ ಶಾಲೆಗೆ ಹೋದೆ. ಮಧ್ಯಾಹ್ನ ತಂಗಿ ಊಟ ಮಾಡಿದಳು. ಅವಳು ಹೆತ್ತ ಮೇಲೆ ಎರಡನೇ ಸಲ ಅನ್ನ ಹಾಕಿಸಿಕೊಂಡದ್ದು ಅವತ್ತೇ ಎಂದು ಅಮ್ಮ ಖುಷಿಯಿಂದ ಫೋನ್ ಮಾಡಿದರು.

ರಾತ್ರಿ ತಡೆಯಲಿಕ್ಕಾಗದೆ ಹೇಳಿಬಿಟ್ಟೆ. ತಂಗಿ ಮಗುವಿಗೆ ಹಾಲು ಕೊಡುತ್ತಿದ್ದಳು. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಎಷ್ಟಿತ್ತು?"

"ಐದು."

ಅಮ್ಮನಿಗೆ ನನ್ನ ಮೇಲೆ ತುಂಬ ಸಿಟ್ಟು ಬಂತು. "ಬಾಣಂತಿ ಎದುರು ಹೇಳುವ ಮಾತಾ ಅದು?" ಎಂದರು. ಅಮ್ಮ ಹೇಳಿದ್ದು ಸರಿ. ನಾನು ಆಗ ಹೇಳಬಾರದಿತ್ತು. ಆದರೆ ಹೇಳದೆ ಇಟ್ಟುಕೊಳ್ಳುವ ಶಕ್ತಿ ನನಗಿರಲಿಲ್ಲ.

ನನ್ನ ಗೆಳತಿಯೊಬ್ಬಳು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು. 1969ರಲ್ಲಿ ಶುರುವಾದ ಆ ಕಾಲೇಜು ಮೀನುಗಾರಿಕೆಗೆಂದೇ ದೇಶದಲ್ಲಿ ಬಂದ ಮೊದಲ ಕಾಲೇಜು. ಕತ್ತರಿಸುವ ಮೊದಲು ಅಮ್ಮನಿಗೆ ಕಳಿಸಲೆಂದು ತೆಗೆದ ಒಂದು ಫೋಟೋ ನನ್ನ ಫೋನಿನಲ್ಲಿತ್ತು. ಅವಳಿಗೆ ಕಳಿಸಿದೆ. ಮೂತಿ, ಕಣ್ಣು, ಬೆನ್ನ ರೆಕ್ಕೆ ನೋಡಿ ಹೇಳಿದಳು, "ಮಿಲ್ಕ್ ಶಾರ್ಕ್." ಹಾಲಿನ ಶಾರ್ಕ್. ಇದನ್ನು ತಿಂದರೆ ಎದೆಹಾಲು ಹೆಚ್ಚುತ್ತದೆ ಎಂಬ ಭಾರತದ ನಂಬಿಕೆಯಿಂದಲೇ ಈ ಮೀನಿಗೆ ಆ ಹೆಸರು ಬಂತಂತೆ. ನಮ್ಮ ಅಜ್ಜಿಯಂಥವರ ಅಡಿಗೆಮನೆಯ ಮಾತು ವಿಜ್ಞಾನಿಗಳ ಪುಸ್ತಕ ಸೇರಿದೆ.

ಇನ್ನೂ ಕೆಲವು ವಿಷಯ ಹೇಳಿದಳು. ಈ ತಾಟೆ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಒಳಗೆ ಮಾಸು ಕಟ್ಟುತ್ತದೆ, ನಮ್ಮ ಹಾಗೆಯೇ. ಒಂದು ಸಲಕ್ಕೆ ಸಾಮಾನ್ಯವಾಗಿ ಎರಡರಿಂದ ಐದು ಮರಿ. ಬಸಿರು ಸುಮಾರು ಒಂದು ವರ್ಷ. ಒಂದು ವರ್ಷ! ತಂಗಿ ಒಂಬತ್ತು ತಿಂಗಳು ಹೊತ್ತದ್ದನ್ನು ನಾವು ಎಷ್ಟು ಎಣಿಸಿದ್ದೇವೆ, ಎಷ್ಟು ಹರಕೆ ಹೊತ್ತಿದ್ದೇವೆ. ಬೂತಾಯಿಯಂಥ ಸಣ್ಣ ಮೀನು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಒಂದು ವರ್ಷ ಕಮ್ಮಿ ಸಿಕ್ಕರೂ ಮುಂದೆ ಮತ್ತೆ ತುಂಬಿಕೊಳ್ಳಬಹುದು. ತಾಟೆಗೆ ಅದು ಸಾಧ್ಯವಿಲ್ಲ. ವರ್ಷಕ್ಕೆ ಎರಡೋ ಐದೋ ಮರಿ ಹಾಕುವ ಜೀವವನ್ನು ಬೂತಾಯಿ ಹಿಡಿದ ಹಾಗೆ ಹಿಡಿದರೆ ಉಳಿಯುವುದು ಹೇಗೆ? ಯಾವ ಜೀವಿ ಅಳಿವಿನ ಹತ್ತಿರ ಇದೆ ಎಂದು ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಈ ಮಿಲ್ಕ್ ಶಾರ್ಕ್ ಕೂಡ ಈಗ ಅಪಾಯದಲ್ಲಿರುವ ಜೀವಿ. ದೊಡ್ಡ ಸಾಗರದ ಶಾರ್ಕ್ ಮತ್ತು ಅದರ ಬಳಗದ ಚಪ್ಪಟೆ ಮೀನು ತೊರಕೆಗಳಂತೂ 1970ರಿಂದ 2018ರ ಒಳಗೆ ಶೇ. 71ರಷ್ಟು ಇಳಿದಿವೆ. 1970 ಎಂದರೆ ಅಮ್ಮ ಶಾಲೆಗೆ ಹೋಗುತ್ತಿದ್ದ ಕಾಲ. ಅಮ್ಮನ ಒಂದು ಆಯುಷ್ಯದೊಳಗೆ ಇಷ್ಟಾಯಿತು.

ಅಜ್ಜ ನಾಡದೋಣಿಯವರು. ಅವರಿಗೆ ತಾಟೆ ಎಂದರೆ ಮೊದಲು ಎಣ್ಣೆ. ಅದರ ಪಿತ್ತಜನಕಾಂಗ ಕುದಿಸಿ ತೆಗೆದ ಎಣ್ಣೆಯನ್ನು ಮಳೆಗಾಲದ ಮೊದಲು ದೋಣಿಗೆ ಬಳಿಯುತ್ತಿದ್ದರು. ಮರಕ್ಕೆ ನೀರು ಹಿಡಿಯುತ್ತಿರಲಿಲ್ಲ. ಆ ನಾತ ಅವರ ಅಂಗಿಯಿಂದ ಹೋಗುತ್ತಲೇ ಇರಲಿಲ್ಲ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಅಜ್ಜನ ನೆನಪಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ವಿಲಾಯತಿಯಿಂದ ಕಾಡ್ ಮೀನಿನ ಎಣ್ಣೆ ಬರುವುದು ನಿಂತಾಗ ಮದ್ರಾಸ್ ಸರ್ಕಾರ ಕಲ್ಲಿಕೋಟೆಯಲ್ಲಿ ತಾಟೆ ಎಣ್ಣೆ ತೆಗೆಯಲು ಶುರು ಮಾಡಿತ್ತು. ಕಣ್ಣಿಗೆ ಬೇಕಾದ ವಿಟಮಿನ್ ಎ ಅದರಲ್ಲಿ ತುಂಬ ಇದೆ. ನಮ್ಮ ಜಿಲ್ಲೆಯೂ ಆಗ ಮದ್ರಾಸಿನ ಕೆಳಗೇ ಇತ್ತು.

ಆಮೇಲೆ ಬಂದದ್ದು ರೆಕ್ಕೆಯ ಕಾಲ. ಹೊರದೇಶದಲ್ಲಿ ಸೂಪ್‌ಗೆ ಬೇಕಂತೆ ಎಂದು ಒಣಗಿಸಿದ ರೆಕ್ಕೆಗೆ ಒಳ್ಳೆ ರೇಟು ಬಂತು. ಅಲ್ಲಿಯವರೆಗೆ ಸಿಕ್ಕರೆ ಸಿಕ್ಕಿತು ಎಂಬಂತಿದ್ದ ತಾಟೆಗೆ ಬೆಲೆ ಬಂದದ್ದು ಆಗ. 2013ರಲ್ಲಿ, ರೆಕ್ಕೆ ಮಾತ್ರ ಕತ್ತರಿಸಿ ತರುವ ಹಾಗಿಲ್ಲ, ಇಡೀ ಮೀನು ದಡಕ್ಕೆ ಬರಬೇಕು ಎಂದು ಕೇಂದ್ರ ಸರ್ಕಾರ ಹೇಳಿತು. 2015ರಲ್ಲಿ ರೆಕ್ಕೆಯ ರಫ್ತನ್ನೇ ನಿಲ್ಲಿಸಿತು. ಒಳ್ಳೆಯದಾಯಿತು. ಆದರೆ ಊರಿನಲ್ಲೇ ತಿನ್ನುವ ಮಾಂಸಕ್ಕೆ ಆ ನಿಯಮ ತಾಗುವುದಿಲ್ಲ. ನಾನು ಬೆರಳು ಮಾಡಿ ತೋರಿಸಿದ ಮೀನಿಗೆ ಅದು ತಾಗಲಿಲ್ಲ.

ಮರುದಿನ ಐದನೇ ತರಗತಿಯಲ್ಲಿ ಪಾಠ ಬಿಟ್ಟು ಕೇಳಿದೆ, "ಶಾರ್ಕ್ ಯಾರು ನೋಡಿದ್ದೀರಿ?" ಎಲ್ಲರೂ ಕೈ ಎತ್ತಿದರು. ಟಿವಿಯಲ್ಲಿ, ಮೊಬೈಲಿನಲ್ಲಿ. ದೊಡ್ಡ ಹಲ್ಲು, ಮನುಷ್ಯರನ್ನು ತಿನ್ನುತ್ತದೆ, ರಕ್ತದ ವಾಸನೆಗೆ ಬರುತ್ತದೆ. ಒಬ್ಬಳು ಬೀಚಿಗೆ ಹೋದರೆ ನೀರಿಗೆ ಇಳಿಯುವುದೇ ಇಲ್ಲವಂತೆ, ಶಾರ್ಕ್ ಬರುತ್ತದೆ ಎಂಬ ಹೆದರಿಕೆ. "ತಾಟೆ ಯಾರು ತಿಂದಿದ್ದೀರಿ?" ಎಂದು ಕೇಳಿದೆ. ಮತ್ತೆ ಅರ್ಧಕ್ಕಿಂತ ಹೆಚ್ಚು ಕೈ ಎದ್ದಿತು. ನೀರಿಗೆ ಇಳಿಯದ ಹುಡುಗಿಯದ್ದೂ ಎದ್ದಿತು. ಎರಡೂ ಒಂದೇ ಎಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಯ ಬೆಂಚಿನ ಹುಡುಗ ಮಾತ್ರ ಮೆಲ್ಲಗೆ ಹೇಳಿದ, "ಟೀಚರ್, ತಾಟೆಯೇ ಶಾರ್ಕ್." ಅವನ ಅಪ್ಪ ಬೋಟು ನಡೆಸುವ ತಾಂಡೇಲ.

ಉಳಿದವರು ಅವನನ್ನು ನಂಬಲಿಲ್ಲ. ನಾನು ಹೌದು ಎಂದ ಮೇಲೂ ಅವರಿಗೆ ಒಗ್ಗಲಿಲ್ಲ. ಈ ಮಕ್ಕಳು ಸಮುದ್ರದಿಂದ ಎರಡು ಮೈಲಿ ದೂರದಲ್ಲಿ ಬೆಳೆಯುತ್ತಿದ್ದಾರೆ. ಅವರಿಗೆ ಹೆದರಿಕೆಯನ್ನು ಕೊಟ್ಟದ್ದು ಮೊಬೈಲು, ಮೀನನ್ನು ಕೊಟ್ಟದ್ದು ನಾವು. ಎರಡರ ನಡುವೆ ಒಂದು ಜೀವ ಉಂಟು, ಅದು 40 ಕೋಟಿ ವರ್ಷಕ್ಕಿಂತ ಹಳೆಯದು, ಭೂಮಿಯ ಮೇಲೆ ಕಾಡು ಬೆಳೆಯುವ ಮೊದಲೇ ಅದರ ಪೂರ್ವಜರು ಸಮುದ್ರದಲ್ಲಿದ್ದರು ಎಂದು ಹೇಳುವವರು ಯಾರೂ ಇರಲಿಲ್ಲ. ನಾನೇ ಹದಿನೆಂಟು ವರ್ಷ ಟೀಚರ್ ಆಗಿ ಹೇಳಿರಲಿಲ್ಲ. ಅವತ್ತು ಹೇಳಿದೆ. "ಮರಿ ಹಾಕ್ತದಾ ಟೀಚರ್, ಮೀನು?" ಎಂದು ಮಕ್ಕಳು ಬಾಯಿ ತೆರೆದರು. ತಾಂಡೇಲನ ಮಗ ತಲೆ ಆಡಿಸಿದ. ಅವನು ನೋಡಿದ್ದಾನೆ. ಏನು ನೋಡಿದ್ದಾನೆ ಎಂದು ನಾನು ಕೇಳಲಿಲ್ಲ.

ಶುಕ್ರವಾರ ಭಾವ ಮಗುವನ್ನು ನೋಡಲು ಬಂದಿದ್ದರು. ತಂಗಿಯ ಗಂಡನ ಅಣ್ಣ, ಬೆಂಗಳೂರಿನಲ್ಲಿ ಕೆಲಸ. ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡಿ ಬಂದಿದ್ದರು. ಶಾರ್ಕ್ ಕಾಣಲಿಲ್ಲ ಎಂದು ಅವರಿಗೆ ಬೇಸರ. ಜನ ಈಗ ದುಡ್ಡು ಕೊಟ್ಟು ಶಾರ್ಕ್ ನೋಡಲು ನೀರಿಗೆ ಇಳಿಯುತ್ತಾರೆ ಎಂಬುದು ಅಜ್ಜನಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ. ಒಳ್ಳೆಯ ಬದಲಾವಣೆ ಅದು, ನನಗೆ ಸಂತೋಷವೇ. ಆದರೆ ಭಾವ ಒಂದು ಮಾತು ಹೇಳಿದರು. "ಈ ಮೀನುಗಾರರಿಗೆ ಬುದ್ಧಿ ಇಲ್ಲ, ಎಲ್ಲವನ್ನೂ ಹಿಡಿದು ಮುಗಿಸಿದ್ರು." ನನಗೆ ಸಹಿಸಲು ಆಗಲಿಲ್ಲ.

ಟ್ರಾಲ್ ಬಲೆ ನೀರಿನ ಅಡಿಯಲ್ಲಿ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಬಸುರಿ ಯಾವುದು, ಮರಿ ಯಾವುದು ಗೊತ್ತಾಗುವುದಿಲ್ಲ. ಬಲೆ ಮೇಲೆ ಬರುವಾಗ ಎಷ್ಟೋ ಮೀನಿಗೆ ಜೀವವೇ ಇರುವುದಿಲ್ಲ. ಡೀಸೆಲ್ ಸಾಲ, ಬೋಟಿನ ಸಾಲ ತಲೆಯ ಮೇಲಿರುವವನಿಗೆ ಸತ್ತ ಮೀನನ್ನು ಸಮುದ್ರಕ್ಕೆ ಎಸೆ ಎಂದು ಹೇಳುವುದು ಸುಲಭ. ಹಿಡಿದದ್ದು ಅವರು, ಸರಿ. ದಪ್ಪ ಇದ್ದದ್ದು ಕೇಳಿದ್ದು ಯಾರು? ಮೆತ್ತಗಿರುವ ಮರಿ ಕೇಳುವುದು ಯಾರು? 2021ರಲ್ಲಿ ಮಲ್ಪೆಯಲ್ಲಿ ಒಂದು ದೊಡ್ಡ ಗರಗಸ ಮೀನು ಬಲೆಗೆ ಬಿದ್ದಿತ್ತು. ತೊರಕೆಯ ಬಳಗದ್ದು, ಮೂತಿಯೇ ಗರಗಸ. 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಜೀವ, ಅಂದರೆ ಹುಲಿಗೆ ಎಷ್ಟು ರಕ್ಷಣೆಯೋ ಅಷ್ಟೇ. ಅದರ ವಿಡಿಯೋ ನನ್ನ ಫೋನಿಗೂ ಬಂದಿತ್ತು. "ಅಬ್ಬ ಎಷ್ಟು ದೊಡ್ಡದು" ಎಂದು ಬರೆದು ನಾನು ನಾಲ್ಕು ಗುಂಪಿಗೆ ಕಳಿಸಿದ್ದೆ. ಆಗ ನನಗೆ ಕಾಣಿಸಿದ್ದು ಗಾತ್ರ ಮಾತ್ರ. ಇದನ್ನೂ ಭಾವನಿಗೆ ಹೇಳಿದೆ. ಅವರು ಸುಮ್ಮನಾದರು. ಕೆಟ್ಟವರಲ್ಲ ಅವರು, ಬಂದರು ನೋಡಿಲ್ಲ ಅಷ್ಟೇ.

ಮೀನುಗಾರರಿಗೆ ಮನಸ್ಸು ಇಲ್ಲ ಎನ್ನುವವರಿಗೆ ಗುಜರಾತಿನ ಕಥೆ ಹೇಳಬೇಕು. ತಿಮಿಂಗಿಲ ಶಾರ್ಕ್ ಜಗತ್ತಿನಲ್ಲೇ ದೊಡ್ಡ ಮೀನು. ಬಸ್ಸಿನಷ್ಟು ದೊಡ್ಡ ಮೈ ಇದ್ದರೂ ನೀರು ಸೋಸಿ ಸಣ್ಣ ಸಣ್ಣ ಜೀವಿ ತಿನ್ನುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಸೌರಾಷ್ಟ್ರದ ಕರಾವಳಿಯಲ್ಲಿ ಎಣ್ಣೆಗೆ, ಮಾಂಸಕ್ಕೆ ಅದನ್ನು ನೂರಾರು ಲೆಕ್ಕದಲ್ಲಿ ಕೊಲ್ಲುತ್ತಿದ್ದರು. ಕೊಕ್ಕೆ ಚುಚ್ಚಿ, ಹಗ್ಗಕ್ಕೆ ಖಾಲಿ ಬ್ಯಾರಲ್ ಕಟ್ಟಿ, ಅದು ದಣಿಯುವವರೆಗೆ ಬಿಡುವುದು. ಹಾಗಾಗಿ ಮೀನಿನ ಹೆಸರೇ ಬ್ಯಾರಲ್ ಆಗಿತ್ತು. 2001ರಲ್ಲಿ ಕಾನೂನು ಬಂತು. ಆದರೆ ಜನರ ಮನಸ್ಸಿಗೆ ತಾಗಿದ್ದು 2004ರಲ್ಲಿ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾದವರು ಶುರು ಮಾಡಿದ ಅಭಿಯಾನದಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಆಡಿದ ಮಾತು. ಈ ಮೀನು ಹೆರಿಗೆಗೆಂದು ತವರಿಗೆ ಬರುವ ಮಗಳ ಹಾಗೆ, ಮನೆಗೆ ಬಂದ ಮಗಳನ್ನು ಯಾರಾದರೂ ಕೊಲ್ಲುತ್ತಾರಾ ಎಂಬರ್ಥದಲ್ಲಿ ಹೇಳಿದರು. ಬ್ಯಾರಲ್ ಹೋಗಿ "ವ್ಹಾಲಿ" ಆಯಿತು. ವ್ಹಾಲಿ ಎಂದರೆ ಮುದ್ದಿನವಳು. ಅದೇ ಮೀನುಗಾರರು ಈಗ ಬಲೆಗೆ ವ್ಹಾಲಿ ಬಿದ್ದರೆ ತಮ್ಮ ಬಲೆಯನ್ನೇ ಕತ್ತರಿಸಿ ಬಿಡುತ್ತಾರೆ. ಹಾಳಾದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹೀಗೆ ಬಿಟ್ಟದ್ದು 900ಕ್ಕೂ ಹೆಚ್ಚು.

ಬಲೆಯ ದುಡ್ಡು ಕೊಟ್ಟದ್ದು ಮುಖ್ಯ. ಹೊಟ್ಟೆಪಾಡಿನವರಿಗೆ ಬರೀ ಉಪದೇಶ ಸಾಲದು. ಆದರೆ ಆ ತವರಿನ ಮಾತು ಓದಿದಾಗ ನನ್ನ ಪಕ್ಕದ ಕೋಣೆಯಲ್ಲಿ ತವರಿಗೆ ಬಂದ ಮಗಳು ಮಲಗಿದ್ದಳು. ಅವಳಿಗೆ ಎಣ್ಣೆ ಸ್ನಾನ, ಅವಳಿಗೆ ಬಿಸಿ ಅನ್ನ, ಅವಳಿಗೆ ಗಾಳಿ ತಾಗಬಾರದು. ಅವಳಿಗಾಗಿ ನಾನು ಇನ್ನೊಬ್ಬ ಬಂಜಿನಾಳ್‌ನ್ನು ಬೆರಳು ಮಾಡಿ ತೋರಿಸಿ ಬಂದಿದ್ದೆ. ಗುಜರಾತಿನ ಮೀನುಗಾರರಿಗೆ ಆ ಮಾತನ್ನು ಕಥೆ ಹೇಳುವ ಬಾಪು ಬಂದು ಹೇಳಬೇಕಾಯಿತು. ನಮ್ಮಲ್ಲಿ ಆ ಮಾತು ಮೀನು ಮಾರುವ ಅಕ್ಕನ ಬಾಯಲ್ಲೇ ಇತ್ತು. ಎಷ್ಟು ವರ್ಷದಿಂದ ಇತ್ತೋ. ಅವರು ಎಷ್ಟು ಹೊಟ್ಟೆಯ ಮೇಲೆ ಹಾಗೆ ಕೈ ಇಟ್ಟಿದ್ದಾರೋ. ಪ್ರತಿ ಸಲ ಎದುರಿಗೆ ನಿಂತವರ ಮುಖ ನೋಡಿ, ಅವರೂ ನನ್ನ ಹಾಗೆ ಸುಮ್ನೆ ನಿಂತದ್ದನ್ನು ಕಂಡು, ಕತ್ತಿ ಇಳಿಸಿರಬೇಕು.

ಅಮ್ಮನ ಜೊತೆ ಇನ್ನೂ ಪೂರ್ತಿ ರಾಜಿ ಆಗಿಲ್ಲ. ಶಾರ್ಕ್‌ಗಳ ಮೈಯಲ್ಲಿ ಪಾದರಸ ಸೇರಿಕೊಳ್ಳುತ್ತದೆ, ಬಸುರಿ ಬಾಣಂತಿಯರು ಅದನ್ನು ತಿನ್ನಬಾರದು ಎಂದು ಅಮೆರಿಕದ ಆಹಾರ ಇಲಾಖೆ ಹೇಳುತ್ತದೆ ಎಂದೆ. "ಅಮೆರಿಕದವರು ನಿನಗೆ ಹಾಲು ಕುಡಿಸಿದ್ರಾ?" ಎಂದರು. ಆಸ್ಪತ್ರೆಯ ನರ್ಸ್, ಮಗು ಹೆಚ್ಚು ಕುಡಿದಷ್ಟೂ ಹಾಲು ಹೆಚ್ಚು ಬರುತ್ತದೆ, ಗಾಬರಿ ಬೇಡ ಎಂದಿದ್ದರು. ಹಾಗೇ ಆಗಿದೆ. ಅಮ್ಮನ ಲೆಕ್ಕದಲ್ಲಿ ಅದು ತಾಟೆಯ ಗುಣ. ನಾನು ವಾದ ಮಾಡಲಿಲ್ಲ. ತಂಗಿ ಮಾತ್ರ ನಿನ್ನೆ, "ನನಗೆ ತಾಟೆ ಬೇಡ ಅಮ್ಮ" ಎಂದಳು. ಅಮ್ಮ ಮಗುವನ್ನು ಎತ್ತಿಕೊಂಡು ಹೊರಗೆ ಹೋದರು.

ಇವತ್ತು ಬೆಳಿಗ್ಗೆ ಮತ್ತೆ ಮಲ್ಪೆಗೆ ಹೋಗಿದ್ದೆ. ನನ್ನನ್ನು ಕಂಡ ಕೂಡಲೇ ಅಕ್ಕ ಕೇಳಿದರು, "ತಂಗಿಗೆ ಹಾಲು ಸಾಕಾಗ್ತದಾ?"

"ಸಾಕಾಗ್ತದೆ ಅಕ್ಕ. ಮಗು ಕುಡಿದು ಮಲಗ್ತದೆ."

"ತಾಟೆ ಒಂದು ಉಂಟು. ತೆಗೆದಿಡ್ಲಾ?"

"ಬೇಡ ಅಕ್ಕ. ಬೂತಾಯಿ ಕೊಡಿ." ಒಂದು ಗಳಿಗೆ ಬಿಟ್ಟು ಹೇಳಿದೆ, "ಅವತ್ತಿನದ್ದು ನೋಡಿದ ಮೇಲೆ ಆಗುವುದಿಲ್ಲ."

ಅವರು ನನ್ನ ಮುಖವನ್ನು ಅವತ್ತಿನ ಹಾಗೆಯೇ ನೋಡಿದರು. ಏನೂ ಹೇಳಲಿಲ್ಲ. ಬೂತಾಯಿ ಎಣಿಸಿ ಚೀಲಕ್ಕೆ ಹಾಕಿದರು, ಕೊಸರು ಎಂದು ಒಂದು ಹಿಡಿ ಹೆಚ್ಚಿಗೆ ಹಾಕಿದರು. ದುಡ್ಡು ತೆಗೆದುಕೊಳ್ಳುವಾಗ ತಲೆ ಎತ್ತದೆ ಹೇಳಿದರು, "ನಾನು ತಿನ್ನುವುದಿಲ್ಲ ಟೀಚರೇ. ನನ್ನ ದೊಡ್ಡ ಮಗಳು ಹುಟ್ಟಿದ ಮೇಲೆ ತಿಂದಿಲ್ಲ."